ಎಂಟು ಕೆಜಿ ಇಳಿಯಿತು, ಆಮೇಲೆ ತೂಕ ನಿಂತೇಹೋಯಿತು

(ಮೈಸೂರಿನಲ್ಲಿ ಬೆಳಗಿನ ನಡಿಗೆಯ ಗೆಳೆಯರ ಬಳಗವೊಂದರ ಮುಂದೆ ಆಡಿದ ಮಾತುಗಳಿವು. ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಬೆಳಗ್ಗೆ ತೂಕ ನೋಡಿಕೊಂಡು ಬಂದವರು ಎಷ್ಟು ಜನ, ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಜನ ಇದ್ದೀರಿ. ಹೋದ ತಿಂಗಳು ಎಷ್ಟಿತ್ತೋ ಅಷ್ಟೇ ಇದೆ ಅನ್ನುವವರು ಕೈ ಹಾಗೇ ಇಟ್ಟಿರಿ. ನೋಡಿ, ಇಳಿದ ಕೈ ನಾಲ್ಕೋ ಐದೋ. ಅಂದರೆ ಇವತ್ತು ನಾನು ಮಾತಾಡಬೇಕಾದ ವಿಷಯ ಈ ಕೋಣೆಯಲ್ಲೇ ಕೂತಿದೆ.

ನಾನು ಡಯಟೀಷಿಯನ್ ಆಗಿ 20 ವರ್ಷ ದಾಟಿತು. ತೂಕ ಇಳಿಸಬೇಕು ಅಂತ ಬರುವವರ ಮುಖದಲ್ಲಿ ಉತ್ಸಾಹ ಇರುತ್ತದೆ. ಐದಾರು ತಿಂಗಳ ನಂತರ ಅದೇ ಮುಖ ಬಾಡಿರುತ್ತದೆ. "ಮೇಡಂ, ನೀವು ಹೇಳಿದ ಹಾಗೇ ತಿಂತಿದ್ದೀನಿ. ದಿನಾ ನಡೀತೀನಿ. ಮೊದಲು ಚೆನ್ನಾಗಿ ಇಳೀತು. ಈಗ ನೂರು ಗ್ರಾಂ ಕೂಡ ಅಲ್ಲಾಡ್ತಿಲ್ಲ." ಇದನ್ನು ಹೇಳುವಾಗ ಅವರ ದನಿಯಲ್ಲಿ ಏನೋ ತಪ್ಪು ಒಪ್ಪಿಕೊಳ್ಳುವ ಅಳುಕು ಇರುತ್ತದೆ. ಅದು ನನಗೆ ತುಂಬಾ ನೋವು ಕೊಡುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಒಬ್ಬ ಹೆಣ್ಣುಮಗಳು ಬಂದಿದ್ದರು. 82 ಕೆಜಿಯಿಂದ 74ಕ್ಕೆ ಇಳಿದಿದ್ದರು. ಎರಡು ತಿಂಗಳಿಂದ ಅಲ್ಲೇ ನಿಂತಿತ್ತು. ನಾನು ಅವರ ಊಟದ ಪಟ್ಟಿ ನೋಡಿ, ರಾತ್ರಿ ಊಟ ಬಿಟ್ಟುಬಿಡಿ, ಒಂದು ಲೋಟ ಮಜ್ಜಿಗೆ ಸಾಕು ಎಂದೆ. ಮೂರು ತಿಂಗಳ ನಂತರ 71 ಆಗಿ ಬಂದರು. ಕೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಮಕ್ಕಳ ಮೇಲೆ ಸುಮ್ಸುಮ್ನೆ ರೇಗ್ತೀನಿ ಮೇಡಂ ಎಂದು ಅತ್ತುಬಿಟ್ಟರು. ಮುಂದಿನ ವರ್ಷ ಮತ್ತೆ ಬಂದಾಗ ಅವರ ತೂಕ 84. ಆ ಪಟ್ಟಿ ಬರೆದವಳು ನಾನೇ. ನಿಂತ ತೂಕಕ್ಕೆ ಊಟ ಇನ್ನೂ ಕಡಿಮೆ ಮಾಡುವುದೊಂದೇ ಮದ್ದು ಎಂದು ಆಗ ನಂಬಿದ್ದೆ. ಹಾಗೆ ಅಲ್ಲ ಎಂದು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಆ ಕಲಿತದ್ದನ್ನು ಹೇಳಲೆಂದೇ ಇವತ್ತು ಬಂದಿದ್ದೇನೆ.

ಡಾಕ್ಟರುಗಳು ಇದಕ್ಕೆ ಪ್ಲೇಟೋ ಅಂತಾರೆ. ಭೂಗೋಳದ ಪಾಠದಲ್ಲಿ ಓದಿದ್ದೀರಲ್ಲ, ಪ್ರಸ್ಥಭೂಮಿ, ಅದೇ ಪದ. ನಾವೀಗ ಕೂತಿರುವ ಮೈಸೂರೇ ಅಂಥ ನೆಲ. ಇಳಿಜಾರು ಮುಗಿದು ಸಮತಟ್ಟು ಬಂತು ಅಂತ ಅರ್ಥ.

ಮೊದಲಿಗೆ, ನಿಜವಾಗಿ ನಿಂತಿದೆಯೇ ನೋಡೋಣ. ಒಂದು ವಾರ ಇಳಿಯಲಿಲ್ಲ ಅಂತ ಗಾಬರಿಯಾಗಿ ಫೋನು ಮಾಡುವವರಿದ್ದಾರೆ. ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ. ನಿನ್ನೆ ಮದುವೆ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ಆಗಿದ್ದರೆ ಇವತ್ತು ಒಂದು ಕೆಜಿ ಏರಿರಬಹುದು. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುತ್ತದೆ. ಹೊಸದಾಗಿ ವ್ಯಾಯಾಮ ಶುರುಮಾಡಿ ಮೈಕೈ ನೋಯುತ್ತಿರುವಾಗಲೂ ಹಾಗೆಯೇ. ಮೊದಲ ಎರಡು ವಾರದಲ್ಲಿ ಸರ್ರನೆ ಇಳಿಯಿತಲ್ಲ, ಅದರಲ್ಲೂ ನೀರಿನ ಪಾಲು ದೊಡ್ಡದು. ನಮ್ಮ ಪಿತ್ತಜನಕಾಂಗ, ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಹಿಟ್ಟಿನಂಥ ವಸ್ತು ಕೂಡಿಟ್ಟಿರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ತಗ್ಗಿಸಿದಾಗ ಅದು ಖರ್ಚಾಗಿ ನೀರೂ ಹೋಗುತ್ತದೆ. ಆ ವೇಗವನ್ನೇ ಲೆಕ್ಕವಿಟ್ಟುಕೊಂಡರೆ ಮುಂದಿನ ಪ್ರತಿ ತಿಂಗಳೂ ಸೋತ ಹಾಗೆ ಕಾಣುತ್ತದೆ.

ಹಾಗಾಗಿ ಕನಿಷ್ಠ ನಾಲ್ಕು ವಾರ ನೋಡಿ. ವಾರದ ಸರಾಸರಿ ಬರೆದಿಡಿ. ಜೊತೆಗೆ ಟೈಲರ್ ಟೇಪಿನಿಂದ ಸೊಂಟ ಅಳೆಯಿರಿ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ನಿಮ್ಮ ಕೆಲಸ ನಡೆಯುತ್ತಿದೆ. ಎರಡೂ ನಿಂತಿದ್ದರೆ ಅದು ಪ್ಲೇಟೋ.

ಈಗ ಯಾಕೆ ಎಂಬ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಅರ್ಧ ಭಾರ ಇಳಿದ ಹಾಗೆ.

80 ಕೆಜಿಯ ಮೈಗೆ ಬೇಕಾಗುವಷ್ಟು ಶಕ್ತಿ 72 ಕೆಜಿಯ ಮೈಗೆ ಬೇಕಾಗುವುದಿಲ್ಲ. ಲಗೇಜು ಇಳಿಸಿದ ಗಾಡಿಗೆ ಡೀಸೆಲ್ ಕಡಿಮೆ ಸಾಕು. ಅದೇ ಐದು ಕಿಲೋಮೀಟರ್ ನಡೆದರೂ ಈಗ ಕಡಿಮೆ ಖರ್ಚಾಗುತ್ತದೆ. ಇದರ ಮೇಲೆ ಮೈ ತಾನಾಗಿಯೇ ಇನ್ನಷ್ಟು ಜಿಪುಣವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಎಂಬ ಸಂಶೋಧಕರ ಲೆಕ್ಕದಂತೆ, ಇಳಿದ ಒಂದೊಂದು ಕೆಜಿಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿ ತಗ್ಗುತ್ತದೆ. ಎಂಟು ಕೆಜಿಗೆ ಹತ್ತಿರ ಹತ್ತಿರ 200 ಕ್ಯಾಲೊರಿ.

ಇದು ಚಿಕ್ಕ ಭಾಗ. ದೊಡ್ಡ ಭಾಗ ಹಸಿವು. ಅದನ್ನು ಅವರು ಹೇಗೆ ಅಳೆದರು ಎಂಬುದು ನನಗೆ ಬಹಳ ಇಷ್ಟವಾದ ಕಥೆ. ಸಕ್ಕರೆ ಕಾಯಿಲೆಗೆ ಕೊಡುವ ಕೆನಾಗ್ಲಿಫ್ಲೋಜಿನ್ ಎಂಬ ಮಾತ್ರೆಯಿದೆ. ಅದನ್ನು ನುಂಗಿದರೆ ದಿನಕ್ಕೆ ಒಂದಷ್ಟು ಗ್ಲೂಕೋಸ್ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಅಂದರೆ ನೂರಾರು ಕ್ಯಾಲೊರಿ ಸದ್ದಿಲ್ಲದೆ ಸೋರಿಹೋಗುತ್ತದೆ. ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಅವರು ಡಯಟ್ ಮಾಡುತ್ತಿಲ್ಲ, ಬಾಯಿ ಕಟ್ಟಿಲ್ಲ. ಆದರೂ ಅವರ ತೂಕ ಸ್ವಲ್ಪ ಇಳಿದು ನಿಂತಿತು! ಸೋರಿಕೆ ವರ್ಷವಿಡೀ ನಡೆಯುತ್ತಿದ್ದರೂ ನಿಂತಿತು. ಒಂದು ವರ್ಷದ ಇಂಥ ಅಂಕಿಗಳಿಂದ ಹಾಲ್ ತಂಡ 2016ರಲ್ಲಿ ಲೆಕ್ಕ ತೆಗೆಯಿತು. ಒಂದೊಂದು ಕೆಜಿ ಇಳಿದ ಹಾಗೆಲ್ಲ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚು ತಿನ್ನಬೇಕೆಂಬ ಸೆಳೆತ ಮೈಯೊಳಗೆ ಏಳುತ್ತದೆ.

ಎಂಟು ಕೆಜಿ ಇಳಿಸಿದವರ ಒಳಗೆ 800 ಕ್ಯಾಲೊರಿಯ ಸೆಳೆತ. ದಿನಾ, ಮೂರು ಹೊತ್ತು. ಅದನ್ನು ತಡೆದುಕೊಂಡು ಅಡುಗೆಮನೆಯಲ್ಲಿ ನಿಂತು ಬೇರೆಯವರಿಗೆ ಬಿಸಿ ದೋಸೆ ಹೊಯ್ದು ಕೊಡುತ್ತೀರಿ. ನಿಮ್ಮಲ್ಲಿ ಮನಸ್ಸಿನ ಗಟ್ಟಿತನ ಇಲ್ಲ ಎಂದು ಯಾರಾದರೂ ಅಂದರೆ ಈ ಲೆಕ್ಕ ಹೇಳಿ.

ಈಗ ಎರಡನ್ನೂ ಕೂಡಿಸಿ ನೋಡಿ. ಶುರುವಿನಲ್ಲಿ ನೀವು ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದಿರಿ. ಅದರಲ್ಲಿ 200ನ್ನು ಮೈಯ ಉಳಿತಾಯ ನುಂಗಿತು. ಉಳಿದ 300, ಸೆಳೆತದ ದಾರಿಯಲ್ಲಿ ತುತ್ತು ತುತ್ತಾಗಿ ವಾಪಸು ಬಂತು. ಜಮಾ ಖರ್ಚು ಸಮ. ತೂಕ ನಿಂತಿತು. ಯಾವ ಒಂದು ದಿನವೂ ನೀವು ಡಯಟ್ ಮುರಿಯಲಿಲ್ಲ.

ವಾಪಸು ಬರುವ ಈ ತುತ್ತುಗಳು ನಮಗೆ ಯಾಕೆ ಕಾಣುವುದಿಲ್ಲ? 1992ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ನಡೆಯಿತು. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ಇಳಿಯುತ್ತಿಲ್ಲ ಎನ್ನುವ 10 ಜನರನ್ನು ಪರೀಕ್ಷಿಸಿದರು. ಅವರ ಚಯಾಪಚಯ, ಅಂದರೆ ಮೈ ಶಕ್ತಿ ಖರ್ಚು ಮಾಡುವ ರೀತಿ, ಸರಿಯಾಗಿಯೇ ಇತ್ತು. ಆದರೆ ತಿಂದದ್ದನ್ನು ಸರಾಸರಿ 47 ಶೇಕಡಾ ಕಡಿಮೆಯಾಗಿಯೂ, ಓಡಾಟವನ್ನು 51 ಶೇಕಡಾ ಹೆಚ್ಚಾಗಿಯೂ ಹೇಳಿದ್ದರು. ಅವರು ಸುಳ್ಳು ಹೇಳಿದರು ಅಂತ ನಾನು ಓದಿಕೊಳ್ಳುವುದಿಲ್ಲ. ಪಾತ್ರೆಯ ತಳದಲ್ಲಿ ಉಳಿದ ಚಿತ್ರಾನ್ನವನ್ನು ಚೆಲ್ಲಲು ಮನಸ್ಸಾಗದೆ ಬಾಯಿಗೆ ಹಾಕಿಕೊಂಡದ್ದನ್ನು ಯಾರು ಊಟ ಎಂದು ಕರೆಯುತ್ತಾರೆ?

ನಮ್ಮ ಮನೆಗಳಲ್ಲಿ ಇದು ಅಡಗಿರುವ ಜಾಗ ಹೇಳುತ್ತೇನೆ. ಮೊದಲನೆಯದು ಎಣ್ಣೆ. ಒಂದು ಲೀಟರ್ ಎಣ್ಣೆ ಪ್ಯಾಕೆಟ್ ಅಂದರೆ ಸುಮಾರು 910 ಗ್ರಾಂ. ಗ್ರಾಂಗೆ 9 ಕ್ಯಾಲೊರಿಯಂತೆ 8,200 ಹತ್ತಿರ. ಮೈಮೇಲಿನ ಒಂದು ಕೆಜಿ ಕೊಬ್ಬಿನಲ್ಲಿರುವುದು ಸುಮಾರು 7,700. ಮನೆಗೆ ಬರುವ ಒಂದೊಂದು ಪ್ಯಾಕೆಟ್ಟೂ ಒಂದು ಕೆಜಿ ಮೈಕೊಬ್ಬಿಗಿಂತ ತುಸು ಹೆಚ್ಚೇ. ಹಾಗಂತ ಎಣ್ಣೆ ಬಿಡಬೇಕಿಲ್ಲ, ಅದೂ ಬೇಕು. ಎಷ್ಟು ಬಳಸುತ್ತೇವೆ ಎಂದು ಗೊತ್ತಿರಬೇಕು, ಅಷ್ಟೇ. ಬಾಣಲೆಗೆ ಸುರಿಯುವಾಗ ಅಳೆಯುವುದು ಕಷ್ಟ. ಅದಕ್ಕೆ ನಾನು ಒಂದು ಸುಲಭದ ದಾರಿ ಹೇಳುತ್ತೇನೆ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಮುಗಿದ ದಿನ ನೋಡಿ. ನಾಲ್ಕು ಜನರ ಮನೆಯಲ್ಲಿ ಏಳೆಂಟು ದಿನಕ್ಕೆ ಮುಗಿಯುತ್ತಿದ್ದರೆ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕ್ಯಾಲೊರಿ ಹತ್ತಿರ. ಹನ್ನೆರಡು ದಿನ ಬರುವ ಹಾಗೆ ಮಾಡಿದರೆ ತಲೆಗೆ ನೂರು ಕ್ಯಾಲೊರಿ ಉಳಿಯಿತು. ಊಟ ಒಂದು ತುತ್ತೂ ಕಡಿಮೆಯಾಗಲಿಲ್ಲ.

ಎರಡನೆಯದು ರಾತ್ರಿಯ ಚಪಾತಿ. ಅನ್ನ ಬಿಟ್ಟು ಚಪಾತಿ ಶುರುಮಾಡಿದ್ದೇವೆ ಎಂದು ಎಷ್ಟು ಜನ ಹೆಮ್ಮೆಯಿಂದ ಹೇಳುತ್ತಾರೆ! 100 ಗ್ರಾಂ ಅಕ್ಕಿಗೂ 100 ಗ್ರಾಂ ಗೋಧಿ ಹಿಟ್ಟಿಗೂ ಕ್ಯಾಲೊರಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಚಪಾತಿಗೆ ಎರಡೂ ಕಡೆ ಎಣ್ಣೆ ಸವರಿದರೆ ಅನ್ನಕ್ಕಿಂತ ಮೇಲೇ ಹೋಗುತ್ತದೆ. ರಾಗಿಯೂ ಅಷ್ಟೇ. ನನಗೆ ಮುದ್ದೆಯ ಮೇಲೆ ಬಹಳ ಪ್ರೀತಿ. ರಾಗಿಯಲ್ಲಿ ನಾರು ಇದೆ, 100 ಗ್ರಾಂಗೆ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ಆದರೆ ಕ್ಯಾಲೊರಿ ಸುಮಾರು 320. ಅಕ್ಕಿಯದು 355. ಮುದ್ದೆ ದೊಡ್ಡದಾದರೆ ಲೆಕ್ಕ ಒಂದೇ. ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ನಿಲ್ಲುತ್ತದೆ ಅನ್ನುವವರು ಖಂಡಿತ ತಿನ್ನಿ, ಗಾತ್ರ ನೋಡಿಕೊಳ್ಳಿ.

ಇನ್ನು ಬೆಳಗಿನ ಬಿಸಿನೀರು ಜೇನುತುಪ್ಪ. ಜೇನಿಗೆ ಕೊಬ್ಬು ಕರಗಿಸುವ ಗುಣವಿಲ್ಲ, ಬದಲಿಗೆ ಒಂದು ದೊಡ್ಡ ಚಮಚಕ್ಕೆ 60 ಕ್ಯಾಲೊರಿ ಸೇರುತ್ತದೆ. ಎರಡು ಚಮಚ ಸಕ್ಕರೆಯ ಕಾಫಿ ದಿನಕ್ಕೆ ನಾಲ್ಕಾದರೆ ಸಕ್ಕರೆಯೊಂದೇ 150 ಕ್ಯಾಲೊರಿ ದಾಟುತ್ತದೆ. ಟಿವಿ ಮುಂದಿನ ಕಡಲೆಬೀಜ, ವಾಕಿಂಗ್ ಮುಗಿಸಿ ಎಲ್ಲರೂ ಸೇರಿ ತಿನ್ನುವ ಒಂದು ಪ್ಲೇಟ್ ವಡೆ. ಗೆಳೆಯರ ಜೊತೆ ಕೂರುವುದನ್ನು ಬಿಡಬೇಡಿ, ಅದು ಆರೋಗ್ಯಕ್ಕೆ ತುಂಬಾ ಒಳ್ಳೆಯದು. ತಟ್ಟೆಯಲ್ಲಿ ಏನಿದೆ ಎಂದಷ್ಟೇ ನೋಡಿ.

ಒಂದೇ ಒಂದು ವಾರ, ಬಾಯಿಗೆ ಹೋದದ್ದನ್ನೆಲ್ಲ ತಿಂದ ಕ್ಷಣವೇ ಬರೆದಿಡಿ. ರಾತ್ರಿ ನೆನಪು ಮಾಡಿಕೊಂಡು ಬರೆದರೆ ಪ್ರಯೋಜನವಿಲ್ಲ. ಯಾರಿಗೂ ತೋರಿಸಬೇಡಿ. ನನಗೂ ಬೇಡ.

ಬೇಡದ್ದು ಹೇಳಿದ್ದಾಯಿತು. ಬೇಕಾದ್ದು ಹೇಳುತ್ತೇನೆ, ಇದು ಹೆಚ್ಚು ಮುಖ್ಯ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಮ್ಮ ಊಟದಲ್ಲಿ ಪ್ರೋಟೀನ್ ಮೊದಲೇ ಕಡಿಮೆ. ಸಾರಿನ ತಿಳಿ ಬಡಿಸಿಕೊಂಡು ಬೇಳೆ ತಳದಲ್ಲೇ ಬಿಡುತ್ತೇವೆ. ಡಯಟ್ ಅಂದ ತಕ್ಷಣ ಅದಕ್ಕೂ ಕತ್ತರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಾಮಾನ್ಯ ಜನರಿಗೆ ಹೇಳುವುದು ಮೈತೂಕದ ಕೆಜಿಗೆ 0.83 ಗ್ರಾಂ. ತೂಕ ಇಳಿಸುತ್ತಿರುವವರಿಗೆ ನಾನು ಒಂದು ಗ್ರಾಂ, ಅದಕ್ಕೂ ಸ್ವಲ್ಪ ಮೇಲೆ ಹೇಳುತ್ತೇನೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಮಾಡಬೇಕು. ಹುರುಳಿ, ಹೆಸರುಕಾಳು, ಬಸ್ಸಾರಿನ ಪಲ್ಯ, ಮೊಸರು, ಮೊಟ್ಟೆ, ಮೀನು. ಕೋಸಂಬರಿ ಬರೀ ಹಬ್ಬಕ್ಕೆ ಯಾಕೆ? ದಿನಾ ಒಂದು ಬಟ್ಟಲು ಮಾಡಿ. ಪ್ರೋಟೀನ್ ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ಆ 800 ಕ್ಯಾಲೊರಿಯ ಸೆಳೆತಕ್ಕೆ ಎದುರು ನಿಲ್ಲಿಸಬಲ್ಲ ಆಳು ಇದೇ.

ಮತ್ತೆ ವ್ಯಾಯಾಮ. ನೀವೆಲ್ಲ ನಡೆಯುವವರು, ಬಿಡಬೇಡಿ. ಆದರೆ ನಡಿಗೆಯೊಂದೇ ಸ್ನಾಯು ಉಳಿಸುವುದಿಲ್ಲ. ಇದು ಗರಡಿಮನೆಗಳ ಊರು. ನಮ್ಮ ಅಜ್ಜಂದಿರು ದಂಡ, ಬಸ್ಕಿ ಹೊಡೆದ ನೆಲ. ವಾರಕ್ಕೆ ಎರಡು ಮೂರು ದಿನ ಬಸ್ಕಿ ಮಾಡಿ. ಮೊಣಕಾಲು ನೋವಿದ್ದರೆ ಕುರ್ಚಿಯಿಂದ ಕೈಯೂರದೆ ಎದ್ದು ಕೂರಿ, ಹತ್ತು ಸಲ. ಗೋಡೆಗೆ ಕೈಕೊಟ್ಟು ದಂಡ ಮಾಡಿ. ನೀರು ತುಂಬಿದ ಬಾಟಲು ಎತ್ತಿ. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತಿದ್ದೇನೆ, ಇದರಿಂದ ತೋಳು ಗಂಡಸರ ಹಾಗೆ ಆಗುವುದಿಲ್ಲ. ಮೂಳೆ ಗಟ್ಟಿಯಾಗುತ್ತದೆ.

ಊಟ ಕಡಿಮೆಯಾದಾಗ ನಮಗೇ ತಿಳಿಯದೆ ಓಡಾಟವೂ ಕಡಿಮೆಯಾಗುತ್ತದೆ. ಬೆಳಗ್ಗೆ ಒಂದು ಗಂಟೆ ನಡೆದೆ ಎಂಬ ನೆಮ್ಮದಿಯಲ್ಲಿ ಉಳಿದ ದಿನ ಕೂತುಬಿಡುತ್ತೇವೆ. ಮಗನ ಕೈಲಿ ನೀರು ತರಿಸುತ್ತೇವೆ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ 1999ರಲ್ಲಿ 16 ಜನರಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲೊರಿ ಹೆಚ್ಚಾಗಿ ಉಣ್ಣಿಸಿ ನೋಡಿದರು. ಒಬ್ಬರಿಗೆ ಅರ್ಧ ಕೆಜಿಯೂ ಕೊಬ್ಬು ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕೆಜಿ ದಾಟಿತು. ವ್ಯತ್ಯಾಸ ಬಂದದ್ದು ಮುಖ್ಯವಾಗಿ ಏಳುವುದು, ನಿಲ್ಲುವುದು, ಓಡಾಡುವುದು ಇಂಥ ಸಣ್ಣ ಚಲನೆಗಳಿಂದ.

ನಿದ್ದೆಯ ಬಗ್ಗೆ ಒಂದೇ ಮಾತು. ಷಿಕಾಗೋ ವಿಶ್ವವಿದ್ಯಾಲಯದ 2010ರ ಒಂದು ಸಣ್ಣ ಅಧ್ಯಯನದಲ್ಲಿ ಅದೇ ಜನ, ಅದೇ ಊಟ. ಒಮ್ಮೆ ಮಲಗಲು ಎಂಟೂವರೆ ಗಂಟೆ, ಒಮ್ಮೆ ಐದೂವರೆ ಗಂಟೆ. ಇಳಿದ ತೂಕ ಒಂದೇ. ಆದರೆ ಕಡಿಮೆ ನಿದ್ದೆಯಲ್ಲಿ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆ, ಉಳಿದದ್ದು ಸ್ನಾಯು ಮುಂತಾದವು. ರಾತ್ರಿ ಹನ್ನೊಂದರವರೆಗೆ ಮೊಬೈಲು ನೋಡಿ ಬೆಳಗ್ಗೆ ಐದಕ್ಕೆ ಕೆರೆ ಸುತ್ತಲು ಬರುವವರು ಇದನ್ನು ಯೋಚಿಸಬೇಕು.

ಇಷ್ಟೆಲ್ಲ ಮಾಡಿದರೂ ಅಲ್ಲಾಡದಿದ್ದರೆ, ಜೊತೆಗೆ ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ಮುಟ್ಟಿನ ಏರುಪೇರು ಇದ್ದರೆ ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್, ಪಿಸಿಒಡಿ ಎಂಬ ಅಂಡಾಶಯದ ತೊಂದರೆ ನೋಡಬೇಕಾಗಬಹುದು. ಸ್ಟೀರಾಯ್ಡ್, ಇನ್ಸುಲಿನ್, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳೂ ತೂಕ ಹಿಡಿದಿಡುತ್ತವೆ. ದಯವಿಟ್ಟು ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ತೂಕ ಇಳಿಸಲು ಈಗ ಬಂದಿರುವ ಇಂಜೆಕ್ಷನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವು ಕೆಲಸ ಮಾಡುತ್ತವೆ, ಮುಖ್ಯವಾಗಿ ಆ ಹಸಿವಿನ ಸೆಳೆತವನ್ನೇ ತಗ್ಗಿಸಿ. ಆದರೆ ಅದರಲ್ಲೂ ವರ್ಷದ ಆಸುಪಾಸಿನಲ್ಲಿ ತೂಕ ನಿಲ್ಲುತ್ತದೆ. ನಿಲ್ಲದೆ ಇಳಿಯುತ್ತಲೇ ಹೋಗುವ ದಾರಿ ಯಾವುದೂ ಇಲ್ಲ, ಇರಲೂಬಾರದು.

ಅವಸರ ಮಾಡಿದವರಿಗೆ ಏನಾಯಿತು ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಒಂದು ಟಿವಿ ಸ್ಪರ್ಧೆಯಲ್ಲಿ ಕಠಿಣ ಡಯಟ್ ಮತ್ತು ವ್ಯಾಯಾಮದಿಂದ 30 ವಾರದಲ್ಲಿ ಸರಾಸರಿ 58 ಕೆಜಿ ಇಳಿಸಿದ 14 ಜನರನ್ನು ಆರು ವರ್ಷದ ಮೇಲೆ ಮತ್ತೆ ಪರೀಕ್ಷಿಸಿದರು. ಅದರಲ್ಲಿ 41 ಕೆಜಿ ವಾಪಸು ಬಂದಿತ್ತು. ಅವರ ಮೈ ಆಗಲೂ ದಿನಕ್ಕೆ ಇರಬೇಕಾದ್ದಕ್ಕಿಂತ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಇದನ್ನು ಓದಿದ ದಿನ ನನಗೆ ಆ 84 ಕೆಜಿಯ ಹೆಣ್ಣುಮಗಳು ನೆನಪಾದರು.

ಈಗ ನನ್ನ ಹತ್ತಿರ ಬರುವವರಿಗೆ ತೂಕ ನಿಂತಾಗ ನಾನು ಮೊದಲು ಹೇಳುವುದು, ಒಂದು ತಿಂಗಳು ಇಲ್ಲೇ ಇರೋಣ ಎಂದು. ಇಳಿಸುವ ಯೋಚನೆ ಬಿಡಿ. ಏರದ ಹಾಗೆ ಹಿಡಿಯಿರಿ. ಹೊಟ್ಟೆ ತುಂಬ ಕಾಳು, ತರಕಾರಿ ತಿನ್ನಿ, ಬಸ್ಕಿ ಕಲಿಯಿರಿ, ನಿದ್ದೆ ಮಾಡಿ. ಆಮೇಲೆ ಬೇಕೆನಿಸಿದರೆ 150, 200 ಕ್ಯಾಲೊರಿಯ ಒಂದೇ ಒಂದು ಬದಲಾವಣೆ ಮಾಡೋಣ. ಎಲ್ಲರಿಗೂ ಮತ್ತೆ ಇಳಿಯುತ್ತದೆ ಎಂದು ಮಾತು ಕೊಡಲಾರೆ. ಆದರೆ ಹೀಗೆ ಹಿಡಿದವರಲ್ಲಿ ವಾಪಸು ಏರಿ ಅಳುತ್ತಾ ಬಂದವರು ಬಹಳ ಕಡಿಮೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಕೇಳಿದರು. "ನಾನು 84 ಇದ್ದೆನಮ್ಮ. 76ಕ್ಕೆ ಬಂದೆ. ಆರು ತಿಂಗಳಾಯ್ತು, ಅಲ್ಲೇ ಇದೆ. 68 ಆಗಬೇಕು ಅಂತ ಹೇಳಿದ್ದಾರೆ. ಈ ವಯಸ್ಸಲ್ಲಿ ಆಗುತ್ತಾ?"

ಸಕ್ಕರೆ, ಬಿಪಿ ಹೇಗಿದೆ ಸಾರ್ ಎಂದು ಕೇಳಿದೆ. ಎರಡೂ ಇಳಿದಿದೆ, ಒಂದು ಮಾತ್ರೆ ನಿಲ್ಲಿಸಿದ್ದಾರೆ ಎಂದರು. 84ರಲ್ಲಿ ಎಂಟು ಕೆಜಿ ಅಂದರೆ ಶೇಕಡಾ ಒಂಬತ್ತೂವರೆ. ಐದರಿಂದ ಹತ್ತು ಶೇಕಡಾ ಇಳಿದರೇ ಸಕ್ಕರೆ, ಬಿಪಿ ಸುಧಾರಿಸುತ್ತದೆ ಎಂಬುದು ಗಟ್ಟಿಯಾಗಿ ಗೊತ್ತಿರುವ ವಿಷಯ. ಅದನ್ನು ನೀವು ಮಾಡಿಯಾಗಿದೆ, ಆರು ತಿಂಗಳಿಂದ ಉಳಿಸಿಕೊಂಡೂ ಇದ್ದೀರಿ ಎಂದೆ. 68ರ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ, ಡಾಕ್ಟರ ಹತ್ತಿರವೂ ಇದನ್ನು ಮಾತಾಡಿ, ಸೊಂಟ ಎಷ್ಟಿದೆ ಎಂದು ಕೇಳಿದೆ. ಗೊತ್ತಿಲ್ಲ ಎಂದರು.

ಹೊರಗಿನ ಮೇಜಿನ ಮೇಲೆ ನಾಲ್ಕು ಟೇಪು ಇಟ್ಟಿದ್ದೆ. ನಮ್ಮ ಜನಕ್ಕೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿಯಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಉಸಿರು ಬಿಟ್ಟ ಮೇಲೆ ನೋಡಬೇಕು. ಅವರದು 94 ಬಂತು. ಚೀಟಿಯಲ್ಲಿ ತಾರೀಖಿನ ಜೊತೆ ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡರು. ಅವರ ಹಿಂದೆ ಆಗಲೇ ಸಾಲು ನಿಂತಿತ್ತು.